ಬಣ್ಣ ಜಾಸ್ತಿ ಎಂದರೆ ಕೇಸೇ?

ಹಾಸನದ ಬೇಕರಿ ಮಾಲೀಕರೊಬ್ಬರ ಪತ್ರ: ‘ಯಾರೋ ಒಬ್ಬ ವಿಡಿಯೊ ಮಾಡಿ ನಮ್ಮ ಕೇಕು ವಿಷ ಅಂದರೆ ವ್ಯಾಪಾರ ಮುಗೀತು. ಆಹಾರದ ಬಗ್ಗೆ ಅಪಪ್ರಚಾರ ಮಾಡಿದವರ ಮೇಲೆ ಅಮೆರಿಕದಲ್ಲಿ ಕೇಸು ಹಾಕಬಹುದಂತೆ. ನಮಗೂ ಅಂಥ ಕಾನೂನು ಬೇಡವೇ?’

ಸಂಪಾದಕರ ಉತ್ತರ: ನಿಮ್ಮ ಸಂಕಟ ಸುಳ್ಳಲ್ಲ ಸ್ವಾಮಿ. ಪ್ಲಾಸ್ಟಿಕ್ ಮೊಟ್ಟೆಯ ಪುಕಾರು ಹಬ್ಬಿಸಿದವರನ್ನು ನಾನೂ ಬೈದಿದ್ದೇನೆ. ಆದರೆ ಆ ಅಮೆರಿಕದ ಕಥೆಯನ್ನು ಪೂರ್ತಿ ಕೇಳಿ.

ಅಲ್ಲಿನ 13 ರಾಜ್ಯಗಳಲ್ಲಿ ಇಂಥ ಕಾನೂನಿದೆ. 1996ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಹುಚ್ಚು ಹಸು ರೋಗದ ಗಾಬರಿ ನಡುವೆ, ಓಪ್ರಾ ವಿನ್‌ಫ್ರೇ ತಮ್ಮ ಟಿವಿ ಕಾರ್ಯಕ್ರಮಕ್ಕೆ ಹೋವರ್ಡ್ ಲೈಮನ್ ಎಂಬವರನ್ನು ಕರೆಸಿದರು. ಹಿಂದೆ ತಾವೇ ದನ ಸಾಕಿ ಮಾರಿದವರು. ಸತ್ತ ದನವನ್ನು ಪುಡಿ ಮಾಡಿ ದನಕ್ಕೇ ತಿನ್ನಿಸುತ್ತಾರೆ, ಆ ರೋಗ ಹರಡುವುದೇ ಹಾಗೆ ಎಂದರು. ಇನ್ನು ದನದ ಮಾಂಸದ ಬರ್ಗರ್ ಸಹವಾಸವೇ ಬೇಡ ಎಂದುಬಿಟ್ಟರು ಓಪ್ರಾ. ದನದ ಬೆಲೆ ಬಿತ್ತು. ಟೆಕ್ಸಾಸ್‌ನ ದನದ ವ್ಯಾಪಾರಿಗಳು ಕೋಟಿ ಡಾಲರಿಗೂ ಜಾಸ್ತಿ ನಷ್ಟ ಅಂತ ಕೋರ್ಟಿಗೆ ಹೋದರು. 1998ರ ಫೆಬ್ರವರಿಯಲ್ಲಿ ಸೋತರು. ತಮಾಷೆ ಏನು ಗೊತ್ತಾ? ಕೇಸು ವಿಚಾರಣೆಗೆ ಬರುವ ಮೊದಲೇ, 1997ರಲ್ಲಿ, ಆ ಮೇವನ್ನು ಅಲ್ಲಿನ ಸರ್ಕಾರವೇ ನಿಷೇಧಿಸಿತ್ತು!

ಓಪ್ರಾಗೆ ದುಡ್ಡಿತ್ತು, ಹೋರಾಡಿ ಗೆದ್ದರು. ನಮ್ಮಂಥವರ ಪಾಡು? ಒಮ್ಮೆ ಒಂದು ತಿಂಡಿ ಅಂಗಡಿಯ ಕರಿದ ಎಣ್ಣೆ ಬಗ್ಗೆ ನಾಲ್ಕು ಸಾಲಿನ ಪತ್ರ ಹಾಕಿದ್ದೆ. ಐದು ಹಾಳೆಯ ಲಾಯರ್ ನೋಟಿಸು ಬಂತು, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಎಣ್ಣೆ ಹೇಗಿತ್ತು ಅನ್ನುವ ಮಾತೇ ಅದರಲ್ಲಿ ಇರಲಿಲ್ಲ. ಮುದ್ರಕರು ಹೆದರಿದರು, ನಾನೂ ಹೆದರಿದೆ. ವಿಷಾದ ಅಚ್ಚು ಹಾಕಿದೆವು. ಆ ಪತ್ರ ಬರೆದ ಮೇಷ್ಟ್ರು ಮತ್ತೆ ನಮಗೆ ಬರೆಯಲೇ ಇಲ್ಲ. ಈಗಲೂ ಚುಚ್ಚುತ್ತದೆ.

ಗೋಬಿ ಮಂಚೂರಿ ಅಷ್ಟು ಕೆಂಪಗೆ ಯಾಕಿದೆ ಅಂತ ನಮ್ಮ ತಾಯಂದಿರು ಎಷ್ಟು ವರ್ಷದಿಂದ ಕೇಳುತ್ತಿದ್ದರು! 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ 171 ಮಾದರಿ ಪರೀಕ್ಷೆ ಮಾಡಿಸಿದ್ದನ್ನು ಹೇಳಿತು. 107 ಸುರಕ್ಷಿತವಲ್ಲ. ಗೋಬಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಬಂದ್. ನೀವು ಕೇಳುವ ಕಾನೂನು ಇದ್ದಿದ್ದರೆ ಆ ತಾಯಂದಿರು ಲ್ಯಾಬ್ ವರದಿ ಹಿಡಿದೇ ಬಾಯಿ ಬಿಡಬೇಕಿತ್ತು, ಅಲ್ವಾ? ಮಾನನಷ್ಟದ ಕಾನೂನು ನಮ್ಮಲ್ಲಿ ಈಗಲೇ ಇದೆ, ಅದರಲ್ಲಿ ಜೈಲೂ ಇದೆ. ಇನ್ನೂ ಎಷ್ಟು ಬೇಕು? ಈಗ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟವರ ತಿಂಡಿಯೆಲ್ಲ ‘ಬಾಯಲ್ಲಿ ನೀರೂರಿಸುವ’ ತಿಂಡಿಯೇ. ನಮ್ಮದೂ ಸೇರಿ.

ಅಂದ ಹಾಗೆ, ನಿಮ್ಮ ದಿಲ್‌ಪಸಂದ್ ಬಗ್ಗೆ ಯಾರಾದರೂ ದೂರು ಬರೆದರೆ ಖಂಡಿತ ಹಾಕುತ್ತೇನೆ. ಪಕ್ಕದಲ್ಲೇ ನಿಮ್ಮ ಉತ್ತರಕ್ಕೂ ಜಾಗ ಬಿಟ್ಟಿರುತ್ತೇನೆ.