ಮೊದಲು ಟಿಕೆಟ್ ನಿಮ್ಮ ಕೈಗೆ ಬರಲಿ

ಎರಡು ಪುಟದ ಪತ್ರ ಬರೆದಿದ್ದೀರಿ. ವಯಸ್ಸು 38. ಬಹುಕಾಲದ ಆಸೆ ಕೈಗೂಡಿ ಮುಂದಿನ ತಿಂಗಳು ಹತ್ತು ದಿನ ಒಬ್ಬರೇ ವಿದೇಶಕ್ಕೆ ಹೊರಟಿದ್ದೀರಿ, ಇದೇ ಮೊದಲ ಸಲ. ದಿನ ಹತ್ತಿರವಾದಂತೆ ನಿದ್ದೆ ಹಾರಿಹೋಗಿದೆ. ಭಾಷೆ ಬಾರದ ಊರಿನಲ್ಲಿ ದಾರಿ ತಪ್ಪಿದರೆ, ಯಾರಾದರೂ ಮೋಸ ಮಾಡಿದರೆ, ಆರೋಗ್ಯ ಕೈಕೊಟ್ಟರೆ ಎಂಬ ಯೋಚನೆಗಳೇ ಒಂದೂವರೆ ಪುಟ ತುಂಬಿವೆ. "ಇಷ್ಟು ಭಯ ಆಗ್ತಿದೆ ಅಂದ್ರೆ ಹೋಗಬೇಡ ಅಂತ ಮನಸ್ಸೇ ಹೇಳ್ತಿದೆಯಾ?" ಎಂದು ಕೇಳಿದ್ದೀರಿ.

ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಕೊನೆಯಲ್ಲಿ, ಸಮಾಧಾನದ ಮಾತೆಂಬಂತೆ ಹೀಗೆ ಸೇರಿಸಿದ್ದೀರಿ: "ಟಿಕೆಟ್, ವೀಸಾ, ಹೋಟೆಲ್ ಎಲ್ಲ ಅಣ್ಣನೇ ನೋಡಿಕೊಂಡಿದ್ದಾನೆ, ಆ ತಲೆನೋವಿಲ್ಲ. ಎರಡು ಬೇರೆ ಬೇರೆ ಟಿಕೆಟ್ ಮಾಡಿ ದುಡ್ಡೂ ಉಳಿಸಿದ. ನಡುವೆ ಎರಡೂಕಾಲು ಗಂಟೆ ಇದೆ. ಖರ್ಚಿಗೆ ಅವನ ಕಾರ್ಡ್ ಕೊಟ್ಟಿದ್ದಾನೆ." ದಾರಿ ತಪ್ಪುವ ಭಯಕ್ಕೆ ಅರ್ಧ ಪುಟ, ಇದಕ್ಕೆ ನಾಲ್ಕು ಸಾಲು! ನಿಮ್ಮ ಪ್ರವಾಸ ನಿಜಕ್ಕೂ ಮುರಿದುಬೀಳಬಹುದಾದ ಜಾಗ ಈ ನಾಲ್ಕು ಸಾಲಿನಲ್ಲೇ ಇದೆ.

ಟಿಕೆಟ್ ವಿಚಾರ ಮೊದಲು. ಒಂದೇ ಬುಕಿಂಗ್‌ನಲ್ಲಿ ಎರಡು ವಿಮಾನಗಳಿದ್ದರೆ ನಿಮ್ಮನ್ನು ಕೊನೆಯ ಊರಿಗೆ ಮುಟ್ಟಿಸುವ ಹೊಣೆ ವಿಮಾನ ಸಂಸ್ಥೆಯದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಅವರೇ ಮುಂದಿನ ವಿಮಾನದಲ್ಲಿ ಜಾಗ ಕೊಡಬೇಕು. ಬ್ಯಾಗೂ ಸಾಮಾನ್ಯವಾಗಿ ನೇರ ಕೊನೆಯ ಊರಿಗೇ ಹೋಗುತ್ತದೆ. ಎರಡು ಬೇರೆ ಟಿಕೆಟ್ ಮಾಡಿದಾಗ ಈ ಹೊಣೆ ಯಾರಿಗೂ ಇಲ್ಲ. ಮೊದಲ ಸಂಸ್ಥೆಯ ಲೆಕ್ಕದಲ್ಲಿ ನಡುವಿನ ಊರೇ ನಿಮ್ಮ ಕೊನೆಯ ಊರು. ಎರಡನೆಯವರ ಲೆಕ್ಕದಲ್ಲಿ ನೀವು ಹೊತ್ತಿಗೆ ಬಾರದ ಪ್ರಯಾಣಿಕರು, ಅಷ್ಟೆ. ಹಾಗೆ ಒಂದು ಹಾರಾಟ ತಪ್ಪಿಸಿಕೊಂಡರೆ ಅದೇ ಟಿಕೆಟ್‌ನಲ್ಲಿರುವ ವಾಪಸ್ ಪ್ರಯಾಣವನ್ನೂ ಬಹಳಷ್ಟು ಸಂಸ್ಥೆಗಳು ರದ್ದು ಮಾಡಿಬಿಡುತ್ತವೆ.

ಇನ್ನು ಆ ಎರಡೂಕಾಲು ಗಂಟೆಯನ್ನು ಬಿಡಿಸಿ ನೋಡಿ. ಒಟ್ಟು 135 ನಿಮಿಷ. ಅಂತರರಾಷ್ಟ್ರೀಯ ವಿಮಾನಕ್ಕೆ ಬ್ಯಾಗ್ ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ಉಳಿಯುವುದು 75 ನಿಮಿಷ. ಅಷ್ಟರಲ್ಲಿ ವಿಮಾನದಿಂದ ಇಳಿಯಬೇಕು, ಇಮಿಗ್ರೇಶನ್ ಸಾಲಿನಲ್ಲಿ ನಿಲ್ಲಬೇಕು, ಬೆಲ್ಟ್ ಹತ್ತಿರ ಬ್ಯಾಗಿಗೆ ಕಾಯಬೇಕು, ಕಸ್ಟಮ್ಸ್ ದಾಟಬೇಕು, ಬೇಕಾದರೆ ಟರ್ಮಿನಲ್ ಬದಲಿಸಬೇಕು, ಮತ್ತೆ ಚೆಕ್‌ಇನ್ ಸಾಲು. ಮೊದಲ ವಿಮಾನ ಅರ್ಧ ಗಂಟೆ ತಡವಾದರೆ ಕೈಯಲ್ಲಿರುವುದು 45 ನಿಮಿಷ. ಹತ್ತಾರು ಸಲ ತಿರುಗಿದವರೂ ಇದನ್ನು ನೆಚ್ಚಿ ಹೊರಡುವುದಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಬ್ಯಾಗ್ ತೆಗೆದುಕೊಳ್ಳಲು ನೀವು ನಡುವಿನ ದೇಶದ ಒಳಗೆ ಕಾಲಿಡಲೇಬೇಕು. ಅಲ್ಲಿಗೆ ವೀಸಾ ಬೇಕಾಗುವ ಪಾಸ್‌ಪೋರ್ಟ್ ನಿಮ್ಮದಾಗಿದ್ದರೆ? ಪತ್ರದಲ್ಲಿ ಹೋಗುವ ದೇಶದ ವೀಸಾ ಬಗ್ಗೆ ಮಾತ್ರ ಇದೆ. ವಿಮಾನ ಸಂಸ್ಥೆಗಳು ಚೆಕ್‌ಇನ್ ಸಮಯದಲ್ಲಿ ಎಲ್ಲ ದೇಶಗಳ ಪ್ರವೇಶ ನಿಯಮಗಳಿರುವ ಟಿಮ್ಯಾಟಿಕ್ ಎಂಬ ದತ್ತಾಂಶ ಸಂಗ್ರಹದಲ್ಲಿ ನಿಮ್ಮ ಪಾಸ್‌ಪೋರ್ಟ್, ವೀಸಾ, ಹೋಗುವ ಊರು ಮೂರನ್ನೂ ತಾಳೆ ನೋಡುತ್ತವೆ. ದಾಖಲೆ ಸರಿಯಿಲ್ಲದವರನ್ನು ಕರೆದೊಯ್ದರೆ ದಂಡ ಬೀಳುವುದೂ ವಾಪಸ್ ಕರೆತರುವ ಹೊರೆಯೂ ಅವರ ಮೇಲೆಯೇ. ಹಾಗಾಗಿ ಅಲ್ಲಿ ಯಾರೂ ದಾಕ್ಷಿಣ್ಯ ತೋರಿಸುವುದಿಲ್ಲ. ಮುಂದಿನ ಟಿಕೆಟ್ ತೋರಿಸಿದರೂ ಬ್ಯಾಗ್ ನೇರ ಹೋಗುವುದಿಲ್ಲ ಎಂದ ಮೇಲೆ ನಿಮ್ಮನ್ನು ಮೊದಲ ಕೌಂಟರಿನಿಂದಲೇ ವಾಪಸ್ ಕಳಿಸಬಹುದು. ಭಾಷೆ ಬಾರದ ಊರಿನಲ್ಲಿ ದಾರಿ ತಪ್ಪುವ ಪ್ರಸಂಗವೇ ಬರುವುದಿಲ್ಲ.

ನಿಮ್ಮ ಅಣ್ಣನ ಪ್ರೀತಿಯನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಈ ಕೆಲಸ ಅವರು ಸರಿಯಾಗಿ ಮಾಡಿಲ್ಲ, ಅದನ್ನು ಹೇಳಲೇಬೇಕು. ಮೊದಲ ಸಲ ಒಬ್ಬಳೇ ಹೋಗುವ ತಂಗಿಗೆ ಅಗ್ಗದ ಟಿಕೆಟ್ ಹುಡುಕುವಾಗ, ಆ ಉಳಿತಾಯಕ್ಕೆ ಅವಳು ತೆರಬೇಕಾದ ಬೆಲೆ ಏನೆಂದು ಒಂದು ಗಳಿಗೆ ಯೋಚಿಸಬೇಕಿತ್ತು. ಬುಕಿಂಗ್ ಅವರ ಇಮೇಲ್‌ನಲ್ಲಿದೆ, ಮೊಬೈಲ್ ನಂಬರ್ ಅವರದು. ವಿಮಾನದ ಸಮಯ ಬದಲಾದರೆ ಸಂದೇಶ ಬರುವುದು ಅವರಿಗೆ. ಕಾರ್ಡಿನ ಒಟಿಪಿ ಹೋಗುವುದೂ ಅವರಿಗೇ. ನೀವು ಅಲ್ಲಿ ಹಗಲಿನಲ್ಲಿ ರೈಲಿನ ಟಿಕೆಟ್ ಕೊಳ್ಳುತ್ತಿರುವಾಗ ಅವರು ಇಲ್ಲಿ ಗಾಢ ನಿದ್ದೆಯಲ್ಲಿರಬಹುದು. ಒಬ್ಬರೇ ಹೋಗುತ್ತಿದ್ದೀರಿ ಎನ್ನುತ್ತೀರಿ, ಆದರೆ ಪ್ರವಾಸದ ಒಂದೊಂದು ಬಾಗಿಲಿನ ಕೀಲಿಯೂ ಬೇರೆಯವರ ಜೇಬಿನಲ್ಲಿದೆ. ನಿದ್ದೆ ಹೇಗೆ ಬಂದೀತು?

ಇಮಿಗ್ರೇಶನ್ ಅಧಿಕಾರಿ ಕೇಳುವುದು ನಾಲ್ಕೈದೇ ಪ್ರಶ್ನೆ. ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ, ಖರ್ಚು ಯಾರದು, ವಾಪಸ್ ಟಿಕೆಟ್ ಎಲ್ಲಿ. "ಅಣ್ಣನಿಗೆ ಗೊತ್ತು" ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಉಳಿಯುವ ಜಾಗದ ವಿಳಾಸ ಗೊತ್ತಿಲ್ಲದೆ, ಯಾರೋ ಮಾಡಿಕೊಟ್ಟ ದಾಖಲೆ ಹಿಡಿದು ಬರುವ ಒಂಟಿ ಹೆಂಗಸನ್ನು ಕಂಡರೆ ಇವಳನ್ನು ಯಾರಾದರೂ ಮೋಸದಿಂದ ಕರೆತಂದಿರಬಹುದೇ ಎಂದು ಅವರು ಅನುಮಾನಿಸುತ್ತಾರೆ, ಅನುಮಾನಿಸಬೇಕು ಕೂಡ. ಹೋಟೆಲಿನ ಹೆಸರು, ಬೀದಿ, ಎಷ್ಟು ರಾತ್ರಿ ಎಂಬುದನ್ನು ತಡವರಿಸದೆ ಹೇಳುವವರನ್ನು ಸಾಮಾನ್ಯವಾಗಿ ಬೇಗ ಬಿಟ್ಟುಬಿಡುತ್ತಾರೆ.

ಆದ್ದರಿಂದ ನಾನು ಹೇಳುವುದು ಒಂದೇ. ಈ ವಾರ ಆ ಎರಡು ಟಿಕೆಟ್‌ಗಳನ್ನು ರದ್ದು ಮಾಡಿಸಿ, ಇಡೀ ಪ್ರಯಾಣಕ್ಕೆ ಒಂದೇ ಬುಕಿಂಗ್ ಆಗುವಂತೆ, ನಿಮ್ಮ ಇಮೇಲ್, ನಿಮ್ಮ ನಂಬರ್, ನಿಮ್ಮ ಕಾರ್ಡ್ ಬಳಸಿ, ನೀವೇ ಕೂತು ಹೊಸ ಟಿಕೆಟ್ ತೆಗೆಯಿರಿ. ಅಣ್ಣ ಪಕ್ಕದಲ್ಲಿ ಕೂತಿರಲಿ, ಕೀಬೋರ್ಡ್ ಮುಟ್ಟುವುದು ಬೇಡ. ಅಗ್ಗದ ಟಿಕೆಟ್‌ಗಳಿಗೆ ಪೂರ್ತಿ ಹಣ ವಾಪಸ್ ಬರದಿರಬಹುದು. ವಿಮಾನ ನಿಲ್ದಾಣದ ತೆರಿಗೆಯ ಪಾಲನ್ನಾದರೂ ಕೊಡುತ್ತಾರೆಯೇ ಎಂದು ಕೇಳಿ. ಹೋದ ದುಡ್ಡಿಗೆ ಹೊಟ್ಟೆ ಉರಿದುಕೊಳ್ಳಬೇಡಿ. ಎರಡನೆಯ ವಿಮಾನ ತಪ್ಪಿ, ಹೊರಡುವ ದಿನದ ದರದಲ್ಲಿ ಟಿಕೆಟ್ ಕೊಳ್ಳಬೇಕಾಗಿ ಬಂದರೆ ಹೋಗುವುದು ಇದಕ್ಕಿಂತ ಹೆಚ್ಚು.

ತೆಗೆಯುವಾಗ ಹೆಸರಿನ ಒಂದೊಂದು ಅಕ್ಷರವನ್ನೂ ಪಾಸ್‌ಪೋರ್ಟ್ ನೋಡಿಯೇ ತುಂಬಿ. ಪಾಸ್‌ಪೋರ್ಟಿನ ಅವಧಿ ನೋಡಿ: ಅನೇಕ ದೇಶಗಳು ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಒಂದೇ ವೀಸಾದಲ್ಲಿ ತಿರುಗಬಹುದಾದ ಯುರೋಪಿನ ಷೆಂಗೆನ್ ದೇಶಗಳಾದರೆ ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು, ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳ ಅವಧಿ ಇರಬೇಕು, ವೀಸಾ ಪಡೆಯಲು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ವಿಮಾನ ಬದಲಿಸಲು ಮೂರು ಗಂಟೆಗೆ ಕಡಿಮೆಯಿಲ್ಲದ ಬಿಡುವು ಆರಿಸಿ. ಇಳಿಯುವುದು ಹಗಲಿನಲ್ಲಾಗಲಿ. ಹೊರಡುವ ದಿನ ಬ್ಯಾಗಿಗೆ ಟ್ಯಾಗ್ ಹಾಕಿದಾಗ ಅದರ ಮೇಲೆ ದೊಡ್ಡದಾಗಿ ಕಾಣುವ ಮೂರಕ್ಷರದ ಸಂಕೇತ ಕೊನೆಯ ಊರಿನದೇ ಎಂದು ಕಣ್ಣಾರೆ ನೋಡಿ. ಬೇರೆ ಇದ್ದರೆ ಕೌಂಟರ್ ಬಿಡುವ ಮೊದಲೇ ಕೇಳಿ.

ಕಾರ್ಡ್ ನಿಮ್ಮ ಖಾತೆಯದೇ ಬೇಕು, ಅದೂ ಎರಡು. ಒಂದು ಪರ್ಸಿನಲ್ಲಿ, ಇನ್ನೊಂದು ಬೇರೆ ಚೀಲದಲ್ಲಿ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರವನ್ನು ತೆರೆಯಿರಿ. ಎಷ್ಟೋ ಕಾರ್ಡುಗಳಲ್ಲಿ ಅದು ಮುಚ್ಚಿರುತ್ತದೆ, ಅದು ಗೊತ್ತಾಗುವುದು ಅಲ್ಲಿನ ಎಟಿಎಂ ಮುಂದೆ. ಯಂತ್ರ "ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ" ಎಂದು ಕೇಳಿದರೆ ಬೇಡ ಎನ್ನಿ, ಆ ದೇಶದ ಹಣವನ್ನೇ ಆರಿಸಿ. ಇಲ್ಲವಾದರೆ ವಿನಿಮಯ ದರವನ್ನು ಆ ಯಂತ್ರದ ಕಡೆಯವರು ನಿಗದಿ ಮಾಡುತ್ತಾರೆ, ಅದು ಹೆಚ್ಚುಕಡಿಮೆ ಯಾವಾಗಲೂ ನಿಮಗೆ ನಷ್ಟ. ಅಲ್ಲಿನ ಇಂಟರ್‌ನೆಟ್‌ಗೆ ಇಸಿಮ್ (ಫೋನಿನೊಳಗೇ ಇರುವ ಡಿಜಿಟಲ್ ಸಿಮ್) ಹಾಕಿಸಿದರೂ ನಿಮ್ಮ ಊರಿನ ಸಿಮ್ ತೆಗೆಯಬೇಡಿ, ರೋಮಿಂಗ್‌ನಲ್ಲಿ ಎಸ್ಎಂಎಸ್ ಬರುವಂತೆ ಇಟ್ಟುಕೊಳ್ಳಿ. ಒಟಿಪಿ ಬರುವುದು ಅದಕ್ಕೇ.

ನೀವು ಒಂದೂವರೆ ಪುಟ ಬರೆದ ಭಯಗಳಿಗೆ ಇಷ್ಟು ಸಾಕು. ಹೋಟೆಲಿನ ವಿಳಾಸವನ್ನು ಆ ದೇಶದ ಲಿಪಿಯಲ್ಲೇ ಮುದ್ರಿಸಿಕೊಳ್ಳಿ, ಊರಿನ ನಕ್ಷೆಯನ್ನು ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತೆ ಫೋನಿಗೆ ಇಳಿಸಿಕೊಳ್ಳಿ. ನಿಲ್ದಾಣದಲ್ಲಿ ತಾವಾಗಿ ಹತ್ತಿರ ಬಂದು ಟ್ಯಾಕ್ಸಿ ಬೇಕೇ ಎನ್ನುವವರ ಹಿಂದೆ ಹೋಗದೆ ಅಧಿಕೃತ ಸಾಲಿನಲ್ಲಿ ನಿಲ್ಲಿ. ಔಷಧಿಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲಿಡಿ. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಬ್ಯಾಗಿನಲ್ಲಿ ಅದಕ್ಕೆ ಅನುಮತಿಯಿಲ್ಲ. ವಿಮಾನ ಸಂಸ್ಥೆಯ ಒಪ್ಪಿಗೆಯಿಲ್ಲದೆ ಅದರ ಸಾಮರ್ಥ್ಯ 100 ವ್ಯಾಟ್‌ಅವರ್ ಮೀರಬಾರದು. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್‌ನದು ಸುಮಾರು 74, ತೊಂದರೆಯಿಲ್ಲ.

ಟಿಕೆಟ್, ವೀಸಾ, ಹೋಟೆಲ್, ವಿಮೆಯ ಸಹಾಯವಾಣಿ, ನಿಮ್ಮ ದೇಶದ ರಾಯಭಾರ ಕಚೇರಿಯ ನಂಬರ್, ಎಲ್ಲವೂ ಕಾಗದದ ಮೇಲೆ ಎರಡು ಪ್ರತಿ ಇರಲಿ. ಫೋನಿನಲ್ಲಿದೆಯಲ್ಲ ಎನ್ನಬೇಡಿ. ಚಾರ್ಜ್ ಮುಗಿದ ಫೋನಿನಿಂದ ವಿಳಾಸ ಓದಲಾಗದು. ಮೂರನೆಯ ಪ್ರತಿ ಅಣ್ಣನಿಗೆ ಕೊಡಿ. ನಿಮ್ಮ ವಿಮಾನದ ಸಂಖ್ಯೆ, ಇಳಿಯುವ ಸಮಯ, ಹೋಟೆಲಿನ ಫೋನ್ ಅವರ ಬಳಿ ಇರಲಿ. ದಿನಕ್ಕೊಂದು ಸಲ ಸಂದೇಶ ಕಳಿಸುತ್ತೇನೆ, ಒಂದಿಡೀ ದಿನ ಬಾರದಿದ್ದರೆ ಹೋಟೆಲಿಗೆ ಫೋನ್ ಮಾಡು ಎಂದು ಹೇಳಿ. ಈ ಪ್ರವಾಸದಲ್ಲಿ ಅವರು ಮಾಡಬೇಕಾದ ಕೆಲಸ ಇದು.