ಗೌಲ್ಡಿಯನ್ ತರುವ ಮುನ್ನ: ಹಕ್ಕಿ ಸಾಕುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೂರು ವರ್ಷಗಳಿಂದ ಮನೆಯಲ್ಲಿ ಜೀಬ್ರಾ ಫಿಂಚ್ ಸಾಕುತ್ತಿದ್ದೇನೆ. ಎರಡು ಜೋಡಿಗಳಿಂದ ಆರಂಭಿಸಿದ್ದು ಈಗ ಹದಿನಾಲ್ಕು ಹಕ್ಕಿಗಳಾಗಿವೆ. ನಡುವೆ ಕೆಲವು ಸತ್ತವು, ಆದರೆ ಮರಿಗಳೂ ಆಗುತ್ತಲೇ ಇವೆ. ಈಗ ಗೌಲ್ಡಿಯನ್ ಫಿಂಚ್ ತರಬೇಕೆಂಬ ಆಸೆ. ಅವು ಬಹಳ ನಾಜೂಕು, ಅನುಭವ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಅನುಭವ ಎಂದು ಯಾರೂ ಹೇಳುವುದಿಲ್ಲ. ನಾನು ಸಿದ್ಧನಾಗಿದ್ದೇನೆಯೇ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ನಿಮ್ಮ ಪತ್ರದಲ್ಲಿ ‘ನಡುವೆ ಕೆಲವು ಸತ್ತವು’ ಎಂಬ ಮಾತೊಂದಿದೆ. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅಲ್ಲಿಯೇ. ಎಷ್ಟು ಸತ್ತವು, ಯಾವ ತಿಂಗಳಲ್ಲಿ ಸತ್ತವು, ಸಾಯುವುದಕ್ಕೆ ಮುಂಚಿನ ವಾರ ಅವುಗಳ ಹಿಕ್ಕೆ ಹೇಗಿತ್ತು, ಕಾಳು ತಿನ್ನುತ್ತಿದ್ದವೋ ಅಥವಾ ಬರಿದೆ ಸಿಪ್ಪೆ ಕೆದರುತ್ತಿದ್ದವೋ ಎಂಬುದನ್ನು ನೀವು ಹೇಳಬಲ್ಲಿರಾದರೆ ಬಹುಮಟ್ಟಿಗೆ ಸಿದ್ಧರಾಗಿದ್ದೀರಿ. ‘ಬೆಳಗ್ಗೆ ನೋಡಿದಾಗ ಸತ್ತು ಬಿದ್ದಿತ್ತು’ ಎಂಬುದಷ್ಟೇ ನೆನಪಿದ್ದರೆ, ಮೂರು ವರ್ಷವಲ್ಲ, ಹತ್ತು ವರ್ಷ ಸಾಕಿದ್ದರೂ ಇನ್ನೂ ಕಾಯುವುದು ಒಳ್ಳೆಯದು.

ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಒಣಭೂಮಿಯ ಹಕ್ಕಿ. ಮಳೆ ಬಿದ್ದು ಹುಲ್ಲು ಕಾಳುಗಟ್ಟಿತೆಂದರೆ ಕಾಲ ನೋಡದೆ ಗೂಡು ಕಟ್ಟುವ ಸ್ವಭಾವ ಅದರದು. ಹೀಗಾಗಿ ಪಂಜರದಲ್ಲಿ ಅದು ಮರಿ ಮಾಡುವುದನ್ನು ಸಾಕುವವನ ಜಾಣ್ಮೆಗೆ ಪುರಾವೆಯೆಂದು ತಿಳಿಯಬಾರದು. ಸಾಕುವವನ ಅಜಾಗರೂಕತೆಯನ್ನು ಸಹಿಸಿಕೊಂಡೂ ಅದು ಮರಿ ಮಾಡುತ್ತದೆ. ಗೌಲ್ಡಿಯನ್ ಉತ್ತರ ಆಸ್ಟ್ರೇಲಿಯಾದ ಬಿಸಿ ಹುಲ್ಲುಗಾವಲಿನದು, ಮಳೆಗಾಲ ಮುಗಿಯುತ್ತ ಬಂದಾಗ ಮರದ ಪೊಟರೆಗಳಲ್ಲಿ ತತ್ತಿ ಇಡುವಂಥದು. ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೌಲ್ಡ್ 1844ರಲ್ಲಿ ಇದಕ್ಕೆ ತೀರಿಕೊಂಡಿದ್ದ ತನ್ನ ಪತ್ನಿಯ ನೆನಪಿನಲ್ಲಿ ಹೆಸರಿಟ್ಟನು. ಆಸ್ಟ್ರೇಲಿಯಾ 1960ರಿಂದ ತನ್ನ ಹಕ್ಕಿಗಳ ರಫ್ತನ್ನು ನಿಲ್ಲಿಸಿರುವುದರಿಂದ ನಮ್ಮಲ್ಲಿಗೆ ಬರುವ ಗೌಲ್ಡಿಯನ್‌ಗಳೆಲ್ಲ ಪಂಜರದಲ್ಲಿಯೇ ಹುಟ್ಟಿ ಬೆಳೆದ ತಲೆಮಾರುಗಳವು. ಆದರೂ ಥಂಡಿ ಮತ್ತು ತೇವವನ್ನು ತಾಳುವ ಶಕ್ತಿ ಅವುಗಳಿಗೆ ಕಡಿಮೆಯೇ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಜೀಬ್ರಾ ಫಿಂಚ್ ಇಡೀ ದಿನ ಗದ್ದಲ ಮಾಡುವ ಹಕ್ಕಿಯಾದ್ದರಿಂದ, ಒಂದು ಹಕ್ಕಿ ಸುಮ್ಮನಾಯಿತೆಂದರೆ ಅಡುಗೆಮನೆಯಲ್ಲಿದ್ದವರಿಗೂ ಏನೋ ಆಗಿದೆ ಎಂಬುದು ತಿಳಿಯುತ್ತದೆ. ಗೌಲ್ಡಿಯನ್ ಹುಟ್ಟಾ ಮೌನಿ. ಗಂಡು ಹಾಡುವುದನ್ನು ಕೇಳಬೇಕಾದರೂ ಹತ್ತಿರ ಹೋಗಿ ಕಿವಿಗೊಡಬೇಕು. ಆರೋಗ್ಯವಾಗಿದ್ದಾಗಲೂ ಕೋಲಿನ ಮೇಲೆ ಬಹಳ ಹೊತ್ತು ಸುಮ್ಮನೆ ಕೂರುವ ಈ ಹಕ್ಕಿಯಲ್ಲಿ ಆರಾಮದ ಮೌನ ಯಾವುದು, ಕಾಯಿಲೆಯ ಮೌನ ಯಾವುದು ಎಂದು ಬೇರ್ಪಡಿಸುವ ಕಣ್ಣು ಬೇಕು. ಅನುಭವ ಬೇಕು ಎಂದು ಹೇಳುವವರ ಮನಸ್ಸಿನಲ್ಲಿರುವುದು ಬಹುಶಃ ಇದೇ. ಗರಿ ಸ್ವಲ್ಪ ಉಬ್ಬಿರುವುದು, ಹಗಲಿನಲ್ಲಿ ಕಣ್ಣು ಅರೆಮುಚ್ಚುವುದು, ಉಸಿರಿನ ಜೊತೆಗೆ ಬಾಲ ಮೇಲೆ ಕೆಳಗೆ ಆಡುವುದು, ಇವು ಎಲ್ಲರಿಗೂ ಕಾಣುವಷ್ಟು ಸ್ಪಷ್ಟವಾಗುವ ಹೊತ್ತಿಗೆ ತಡವಾಗಿರುತ್ತದೆ, ಏಕೆಂದರೆ ಬೇಟೆಗೆ ಸಿಕ್ಕಬಹುದಾದ ಸಣ್ಣ ಹಕ್ಕಿಗಳೆಲ್ಲ ಕಾಯಿಲೆಯನ್ನು ಆದಷ್ಟು ದಿನ ಮರೆಮಾಚುತ್ತವೆ.

ಆದ್ದರಿಂದ ಕಣ್ಣಿನ ಜೊತೆಗೆ ತಕ್ಕಡಿಯನ್ನೂ ನಂಬಿ. ಒಂದು ಗ್ರಾಮಿಗಿಂತ ಕಡಿಮೆ ತೂಕವನ್ನೂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಈಗ ಸುಲಭವಾಗಿ ಸಿಗುತ್ತದೆ. ಗೌಲ್ಡಿಯನ್ ಸುಮಾರು 15 ಗ್ರಾಂ ತೂಗುವ ಹಕ್ಕಿ. ಅದರಲ್ಲಿ ಎರಡು ಗ್ರಾಂ ಇಳಿದರೆ ಗರಿಗಳ ಮರೆಯಲ್ಲಿ ನಿಮಗೆ ಕಾಣುವುದಿಲ್ಲ, ಆದರೆ ಅದು ದೇಹದ ಎಂಟನೆಯ ಒಂದು ಪಾಲಿನಷ್ಟಾಯಿತು. ಹಿಡಿದಾಗ ಎದೆಯ ನಡುಮೂಳೆಯ ಮೇಲೆ ಬೆರಳಾಡಿಸಿ ನೋಡಿ. ಮೂಳೆ ಚೂಪಾಗಿ ಸಿಕ್ಕರೆ ಹಕ್ಕಿ ಸೊರಗಿದೆ. ಇದನ್ನು ಮೊದಲು ನಿಮ್ಮ ಜೀಬ್ರಾಗಳ ಮೇಲೆಯೇ ಅಭ್ಯಾಸ ಮಾಡಿಕೊಳ್ಳಿ.

ಮನೆಯ ವಿಚಾರಕ್ಕೆ ಬಂದರೆ, ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದಲ್ಲಿ ಡಿಸೆಂಬರಿನ ಚಳಿಗಿಂತ ಜುಲೈ, ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಯೇ ನನಗೆ ಹೆಚ್ಚು ಚಿಂತೆಯ ವಿಷಯ. ದಿನಗಟ್ಟಲೆ ಬಿಸಿಲು ಕಾಣದೆ ಗೋಡೆ ತೇವ ಹಿಡಿದಾಗ ಡಬ್ಬಿಯಲ್ಲಿನ ಕಾಳಿಗೆ ಬೂಷ್ಟು ಬರುತ್ತದೆ, ಪಂಜರದ ತಳದ ಕಾಗದ ಒಣಗುವುದಿಲ್ಲ, ಹಕ್ಕಿಗೆ ಉಸಿರಾಟದ ತೊಂದರೆ ಶುರುವಾಗುತ್ತದೆ. ಉಷ್ಣತೆಯನ್ನೂ ತೇವಾಂಶವನ್ನೂ ತೋರಿಸುವ ಮಾಪಕವೊಂದನ್ನು ಪಂಜರ ಇಡಬೇಕೆಂದಿರುವ ಕೋಣೆಯಲ್ಲಿ ತೂಗುಹಾಕಿ, ಮಳೆಗಾಲವಿಡೀ ಬೆಳಗಿನ ಜಾವದ ಅಂಕಿಗಳನ್ನು ಬರೆದಿಡಿ. ಬೆಳಕು ಬೀರದೆ ಶಾಖ ಮಾತ್ರ ಕೊಡುವ ಸಿರಾಮಿಕ್ ಹೀಟರ್ ಒಳ್ಳೆಯದು, ಆದರೆ ಕರೆಂಟ್ ಹೋದ ರಾತ್ರಿ ಅದರ ಗತಿ ಏನು ಎಂಬುದನ್ನೂ ಮೊದಲೇ ಯೋಚಿಸಿರಬೇಕು. ಸೊಳ್ಳೆಬತ್ತಿ ಮತ್ತು ಊದುಬತ್ತಿಯ ಹೊಗೆ ಆ ಕೋಣೆಗೆ ಬರಬಾರದು. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಆವಿಯಂತೂ ಹಕ್ಕಿಗಳನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು.

ಮೇವಿನ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಪೇಟೆಯವರು ದುಬಾರಿ ಪೊಟ್ಟಣಗಳಲ್ಲಿ ಕೊಳ್ಳುವ ನವಣೆ, ಬರಗು, ಸಾವೆ ನಮ್ಮ ಹೊಲಗಳ ಬೆಳೆಗಳು. ಆದರೆ ಅಂಗಡಿಯಲ್ಲಿ ಅಕ್ಕಿ ಮಾಡಿ ಮಾರುವ ಸಿರಿಧಾನ್ಯ ತರಬೇಡಿ. ಸಿಪ್ಪೆಯಿರುವ ಕಾಳೇ ಬೇಕು, ಏಕೆಂದರೆ ಸಿಪ್ಪೆ ತೆಗೆದ ಕಾಳು ಬೇಗ ಮುಗ್ಗಲು ಹಿಡಿಯುತ್ತದೆ, ಮೊಳಕೆಯೂ ಒಡೆಯುವುದಿಲ್ಲ. ಸುಗ್ಗಿಯಲ್ಲಿ ಔಷಧಿ ಹೊಡೆಯದ ಹೊಲದ ನವಣೆ ತೆನೆ ಸಿಕ್ಕರೆ ಒಣಗಿಸಿಟ್ಟುಕೊಳ್ಳಿ. ಸುಣ್ಣದಂಶಕ್ಕೆ ಗ್ರಂಥಿಗೆ ಅಂಗಡಿಯ ಸಮುದ್ರನೊರೆ ಸಾಕು.

ಗೌಲ್ಡಿಯನ್‌ಗೆ ಶ್ವಾಸನಾಳದಲ್ಲಿ ಸೇರಿಕೊಳ್ಳುವ ಸೂಕ್ಷ್ಮ ನುಸಿಯ ಕಾಟ ಹೆಚ್ಚು. ರಾತ್ರಿ ಎಲ್ಲ ಸದ್ದಡಗಿದಾಗ ಪಂಜರದ ಬಳಿ ನಿಂತರೆ ಉಸಿರಿನಲ್ಲಿ ಟಿಕ್ ಟಿಕ್ ಎಂಬ ಸದ್ದು ಕೇಳುವುದು ಅದರ ಲಕ್ಷಣ. ನುಸಿ ಕೊಲ್ಲುವ ಐವರ್ಮೆಕ್ಟಿನ್ ಎಂಬ ಔಷಧಿಯಿಂದ ಇದು ಗುಣವಾಗುತ್ತದೆ. ಆದರೆ ದನಗಳಿಗೆಂದು ತಂದಿಟ್ಟ ಔಷಧಿಯನ್ನು ಅಂದಾಜಿನಲ್ಲಿ ಹನಿ ಹಾಕಿದರೆ ಹಕ್ಕಿ ಔಷಧಿಯಿಂದಲೇ ಸಾಯಬಹುದು. ನಮ್ಮ ಪಶುವೈದ್ಯರಲ್ಲಿ ಬಹುತೇಕರ ಕೈ ಪಳಗಿರುವುದು ಎತ್ತು, ಎಮ್ಮೆ, ನಾಯಿಗಳಲ್ಲಿ. ಹದಿನೈದು ಗ್ರಾಮಿನ ಹಕ್ಕಿಗೆ ಪ್ರಮಾಣ ಲೆಕ್ಕ ಹಾಕಿಕೊಡಲು ಒಪ್ಪುವ ಒಬ್ಬ ವೈದ್ಯರನ್ನಾದರೂ ಹಕ್ಕಿ ತರುವ ಮೊದಲೇ ಹುಡುಕಿಟ್ಟುಕೊಳ್ಳಿ. ಅವರು ಸಿಗದಿದ್ದರೆ, ಉಳಿದೆಲ್ಲ ಸರಿಯಿದ್ದರೂ ನಾನು ಬೇಡವೆಂದೇ ಹೇಳುತ್ತೇನೆ.

ನಡುವೆ ಮತ್ತೊಂದು ಜಾತಿಯ ಫಿಂಚ್ ಸಾಕಿ ಕೈ ಪಳಗಿಸಿಕೊಳ್ಳಿ ಎಂದು ಹಲವರು ಸಲಹೆ ಕೊಡುತ್ತಾರೆ. ಅದರ ಅಗತ್ಯ ನನಗೆ ಕಾಣುವುದಿಲ್ಲ. ಗೌಲ್ಡಿಯನ್‌ಗೆಂದು ಮೂರು ಅಡಿಗೆ ಕಡಿಮೆಯಿಲ್ಲದ ಉದ್ದದ ಪಂಜರ ಮಾಡಿಸಿ, ಅದರಲ್ಲಿ ನಿಮ್ಮದೇ ಒಂದು ಜೋಡಿ ಜೀಬ್ರಾಗಳನ್ನು ಗೂಡು ಕೊಡದೆ ಬಿಟ್ಟು, ಗೌಲ್ಡಿಯನ್ ಎಂದೇ ಭಾವಿಸಿ ಒಂದು ಮಳೆಗಾಲ, ಒಂದು ಚಳಿಗಾಲ ನೋಡಿಕೊಳ್ಳಿ. ಆ ಜೋಡಿಯ ತೂಕ ಕುಗ್ಗದೆ, ತೂಕ ಮತ್ತು ಮಾಪಕದ ಅಂಕಿಗಳನ್ನು ಬರೆದಿಡುವ ನಿಮ್ಮ ಪುಸ್ತಕದಲ್ಲಿ ಖಾಲಿ ವಾರಗಳಿಲ್ಲದೆ ಸಂಕ್ರಾಂತಿ ದಾಟಿದರೆ, ಫೆಬ್ರುವರಿಯಲ್ಲಿ ಗೌಲ್ಡಿಯನ್ ತನ್ನಿ. ಚಳಿ ಹಿಂದೆ ಬಿದ್ದಿರುತ್ತದೆ, ಮಳೆ ದೂರವಿರುತ್ತದೆ. ಬೂದು-ಹಸಿರಿನ ಮರಿಗಳು ಅಗ್ಗವಾಗಿ ಸಿಗುತ್ತವೆ, ಆದರೆ ಅವು ಗರಿ ಉದುರಿಸಿ ಬಣ್ಣ ತುಂಬಿಕೊಳ್ಳುವ ತಿಂಗಳುಗಳೇ ಅತ್ಯಂತ ಅಪಾಯದವು. ಪೂರ್ತಿ ಬಣ್ಣ ಬಂದ ಹಕ್ಕಿಗೆ ಹೆಚ್ಚು ಹಣ ಕೊಡುವುದೇ ಲೇಸು. ತಂದ ಮೇಲೆ ಕನಿಷ್ಠ ಒಂದು ತಿಂಗಳು ಬೇರೆ ಕೋಣೆಯಲ್ಲಿಡಿ, ಆಮೇಲೂ ಜೀಬ್ರಾಗಳ ಜೊತೆ ಬಿಡಬೇಡಿ. ಅವು ಗರಿ ಕಿತ್ತು, ಗೂಡು ಕಸಿದು ಈ ಸಾಧು ಹಕ್ಕಿಯನ್ನು ಮೂಲೆಗೆ ತಳ್ಳುತ್ತವೆ.

ಪ್ರಶ್ನೆ: ನಮ್ಮ ಹೊಲದಲ್ಲಿ ಸಾವೆ ತೆನೆಗೆ ರಾಟವಾಳಗಳು ಹಿಂಡುಗಟ್ಟಿ ಬರುತ್ತವೆ. ಫಿಂಚ್ ಸಾಕುವ ಮೊದಲು ಅವನ್ನೇ ಒಂದೆರಡು ಹಿಡಿದು ಅಭ್ಯಾಸ ಮಾಡಿಕೊಳ್ಳಬಹುದೇ?
– ರಾಣೆಬೆನ್ನೂರಿನ ರೈತರೊಬ್ಬರು

ಉತ್ತರ: ಖಂಡಿತ ಬೇಡ. ನಮ್ಮ ದೇಶದ ರಾಟವಾಳಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಡಿನಿಂದ ಹಿಡಿದ ಹಕ್ಕಿ ಹೆದರಿಕೆಯಿಂದಲೇ ಮೇವು ಬಿಟ್ಟು ಸಾಯುವುದೂ ಉಂಟು. ಪಂಜರದಲ್ಲಿ ಹುಟ್ಟಿದ ಬೆಂಗಾಲೀಸ್ ಫಿಂಚ್ ಈ ರಾಟವಾಳಗಳ ಬಂಧುವೇ, ಸ್ವಭಾವದಲ್ಲಿ ತೀರ ಸೌಮ್ಯ. ಹೊಸಬರಿಗೆ ಅದೇ ಸಾಕು. ಅಂಗಡಿಯವರು ಜಾವಾ ಗುಬ್ಬಿಯನ್ನು ತೋರಿಸಿದರೆ, ಅದು ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕಾಗುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ನಮ್ಮ ಗೌಲ್ಡಿಯನ್ ಜೋಡಿ ಎರಡು ಸಲ ಮರಿ ಮಾಡಿತು. ಎರಡೂ ಸಲ ಹತ್ತು ಹನ್ನೆರಡು ದಿನದ ಮರಿಗಳು ಬೆಳಗಾಗುವಷ್ಟರಲ್ಲಿ ಸತ್ತಿದ್ದವು, ಹೊಟ್ಟೆ ಮಾತ್ರ ತುಂಬಿತ್ತು. ತತ್ತಿಗಳನ್ನು ಬೆಂಗಾಲೀಸ್ ಜೋಡಿಯ ಕೆಳಗೆ ಇಡಲೇ?
– ಗದಗ-ಬೆಟಗೇರಿಯಿಂದ ಒಬ್ಬರು

ಉತ್ತರ: ಹೊಟ್ಟೆ ತುಂಬಿದ್ದೂ ಸತ್ತವೆಂದರೆ ಹಸಿವಲ್ಲ, ರಾತ್ರಿಯ ಥಂಡಿಯೇ ಕಾರಣವೆಂದು ಶಂಕಿಸಬೇಕು. ಮರಿಗಳಿಗೆ ಇನ್ನೂ ಸರಿಯಾಗಿ ಗರಿ ಮೂಡುವ ಮುನ್ನವೇ, ಹತ್ತು ದಿನಗಳ ಆಸುಪಾಸಿನಲ್ಲಿ, ಗೌಲ್ಡಿಯನ್ ತಾಯಿ ರಾತ್ರಿ ಕಾವು ಕೂರುವುದನ್ನು ಬಿಟ್ಟುಬಿಡುತ್ತದೆ. ಬೆಂಗಾಲೀಸ್ ಒಳ್ಳೆಯ ಸಾಕುತಾಯಿ, ನಿಜ; ಆದರೆ ಅದು ಬೆಳೆಸಿದ ಗೌಲ್ಡಿಯನ್ ದೊಡ್ಡದಾದ ಮೇಲೆ ಬೆಂಗಾಲೀಸ್‌ಗಳನ್ನೇ ತನ್ನ ಬಳಗವೆಂದು ತಿಳಿದು ಜೋಡಿಯಾಗಲು ಹಿಂಜರಿಯಬಹುದು. ಮುಂದಿನ ಸಲ ಮರಿ ಮಾಡಿದಾಗ ಕೋಣೆಯ ರಾತ್ರಿಯ ಉಷ್ಣತೆ 22 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ, ಗೂಡಿನ ಪೆಟ್ಟಿಗೆಯಲ್ಲಿ ಒಣಹುಲ್ಲನ್ನು ದಟ್ಟವಾಗಿ ತುಂಬಿಡಿ. ಎರಡು ಸಲ ಮರಿ ಮಾಡಿ ಬಳಲಿರುವ ಹೆಣ್ಣಿಗೆ ಅದಕ್ಕೆ ಮೊದಲು ಒಂದು ಪೂರ್ತಿ ಗರಿ ಬದಲಾಗುವವರೆಗೆ ವಿಶ್ರಾಂತಿ ಬೇಕು. ಈಗ ಪೆಟ್ಟಿಗೆಯನ್ನು ತೆಗೆದಿಡಿ.