ಟ್ರಿಮ್‌ಪಾಟ್ ತಿರುಗಿಸುವ ಮುನ್ನ

ಪ್ರಶ್ನೆ: ನಮ್ಮ ಪ್ರಯೋಗಾಲಯದ ಮಲ್ಟಿಮೀಟರ್ 10 ವೋಲ್ಟ್ ರೆಫರೆನ್ಸ್ ಮೂಲವನ್ನು 10.04 ಎಂದು ತೋರಿಸುತ್ತಿದೆ. ಒಳಗಿನ ಟ್ರಿಮ್‌ಪಾಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ಹೊಂದಾಣಿಕೆ ರೆಸಿಸ್ಟರ್) ತಿರುಗಿಸಿ 10.00ಕ್ಕೆ ತಂದರೆ ಕ್ಯಾಲಿಬ್ರೇಶನ್ ಆದಂತಲ್ಲವೇ?

ಉತ್ತರ: ಅಲ್ಲ. ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುತ್ತದೆ, ಮತ್ತು ಬರೆಯುವವರಲ್ಲಿ ಬಹುಪಾಲು ಮಂದಿ ಆ ವೇಳೆಗಾಗಲೇ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಿರುತ್ತಾರೆ. ಮೊದಲು ಕೈಪಿಡಿಯನ್ನು ತೆರೆಯಿರಿ. ಅದರಲ್ಲಿ ನಿಖರತೆ ರೀಡಿಂಗ್‌ನ 0.5% ಮತ್ತು 2 ಅಂಕೆ ಎಂದಿದ್ದು, 10 ವೋಲ್ಟ್ ಅಳೆಯುವ ರೇಂಜಿನ ಕೊನೆಯ ಅಂಕೆ 0.01 ವೋಲ್ಟ್ ಆಗಿದ್ದರೆ, 10 ವೋಲ್ಟ್‌ನಲ್ಲಿ 0.05ಕ್ಕೆ 0.02 ಸೇರಿ 0.07 ವೋಲ್ಟ್‌ವರೆಗಿನ ವ್ಯತ್ಯಾಸಕ್ಕೆ ತಯಾರಕರೇ ಅವಕಾಶ ಕೊಟ್ಟಿದ್ದಾರೆ ಎಂದರ್ಥ. ಹಾಗಿದ್ದಲ್ಲಿ ನಿಮ್ಮ ಮೀಟರಿಗೆ ಯಾವ ಕಾಯಿಲೆಯೂ ಇಲ್ಲ.

ಇನ್ನು ಆ ರೆಫರೆನ್ಸ್ ಮೂಲದ ವಿಚಾರ. ಅದರ ಪ್ರಮಾಣಪತ್ರದ ಬಗ್ಗೆ ನೀವು ಒಂದಕ್ಷರವನ್ನೂ ಬರೆದಿಲ್ಲ. ಮಾನಕದ, ಅಂದರೆ ಹೋಲಿಕೆಗೆ ಬಳಸುವ ಮೂಲದ, ಅನಿಶ್ಚಿತತೆಯು (ಅದರ ಮೌಲ್ಯ ಎಷ್ಟು ಆಚೀಚೆ ಇರಬಹುದೆಂಬ ಅಂದಾಜು) ಪರೀಕ್ಷಿಸಬೇಕಾದ ಮಿತಿಯ ಕಾಲು ಭಾಗವನ್ನು ಮೀರಬಾರದೆಂಬುದು ರೂಢಿಯ ನಿಯಮ. ಇಲ್ಲಿ ಅದು ಸುಮಾರು 0.0175 ವೋಲ್ಟ್. ಡಬ್ಬಿಯ ಮೇಲೆ 10.00 ಎಂದು ಮುದ್ರಿಸಿದ ಮಾತ್ರಕ್ಕೆ ಯಾವ ಮೂಲವೂ ಮಾನಕವಾಗುವುದಿಲ್ಲ.

ಇಷ್ಟಾಗಿಯೂ ತಿರುಗಿಸಿದಿರಿ ಎನ್ನಿ. ಸಾಧಾರಣ ಮೀಟರುಗಳಲ್ಲಿ ಆ ಟ್ರಿಮ್‌ಪಾಟ್ ಎಡಿಸಿಯ (ವೋಲ್ಟೇಜನ್ನು ಅಂಕೆಯಾಗಿ ಪರಿವರ್ತಿಸುವ ಭಾಗದ) ಒಳ ರೆಫರೆನ್ಸನ್ನೇ ಬದಲಿಸುತ್ತದೆ; ಎಲ್ಲ ರೇಂಜುಗಳೂ ನಿಂತಿರುವುದು ಅದರ ಮೇಲೆಯೇ. 10 ವೋಲ್ಟ್‌ನಲ್ಲಿ ಕಂಡ ದೋಷಕ್ಕೆ ಆ ರೇಂಜಿನಲ್ಲಿ ವೋಲ್ಟೇಜನ್ನು ತಗ್ಗಿಸುವ ವಿಭಾಜಕ ರೆಸಿಸ್ಟರುಗಳು ಕಾರಣವಾಗಿದ್ದರೆ, ಅಲ್ಲಿಯವರೆಗೆ ಸರಿಯಾಗಿದ್ದ ಮಿಲಿವೋಲ್ಟ್ ರೇಂಜನ್ನು ನೀವು ಕೈಯಾರೆ ಕೆಡಿಸಿದಂತಾಯಿತು. ಕರೆಂಟ್ ಅಳತೆಯೂ ಅದರ ಜೊತೆಗೇ ಜಾರುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಮೀಟರಿನ ಚರಿತ್ರೆಯೇ ಅಳಿಸಿಹೋಗುವುದು. ಹೊಂದಾಣಿಕೆಗೆ ಮೊದಲಿನ ರೀಡಿಂಗ್ ದಾಖಲಾಗದಿದ್ದರೆ, ಕಳೆದ ಕ್ಯಾಲಿಬ್ರೇಶನ್‌ನಿಂದ ಈಚೆಗೆ ಅದರಿಂದ ಪಡೆದ ಫಲಿತಾಂಶಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಹೋಲಿಸಿ, ವ್ಯತ್ಯಾಸವನ್ನು ಅನಿಶ್ಚಿತತೆಯೊಡನೆ ದಾಖಲಿಸುವುದೇ ಕ್ಯಾಲಿಬ್ರೇಶನ್. ತಿರುಗಿಸುವುದು ಬೇರೆಯದೇ ಕೆಲಸ. ಮಿತಿ ಮೀರಿದಾಗ ಮಾತ್ರ, ಎಲ್ಲ ರೇಂಜುಗಳನ್ನೂ ಮತ್ತೆ ಪರೀಕ್ಷಿಸುವ ಸೌಲಭ್ಯವಿದ್ದಲ್ಲಿ ಅದನ್ನು ಮಾಡಬೇಕು. ನಾನಂತೂ ಮಿತಿಯ ಅಂಚಿನಲ್ಲಿರುವ ಮೀಟರನ್ನೂ ಮುಟ್ಟದೆ, ಮುಂದಿನ ಪರೀಕ್ಷೆಯ ಅವಧಿಯನ್ನು ಅರ್ಧಕ್ಕಿಳಿಸುತ್ತೇನೆ. ಇದು ಅತಿ ಎಚ್ಚರವೆನ್ನುವವರಿದ್ದಾರೆ, ಇರಲಿ.

ಪ್ರಶ್ನೆ: ಮನೆಬಾಗಿಲಿಗೇ ಬಂದು ಹತ್ತು ನಿಮಿಷದಲ್ಲಿ ಕ್ಯಾಲಿಬ್ರೇಶನ್ ಸ್ಟಿಕರ್ ಅಂಟಿಸಿ ಹೋಗುವವರ ಸೇವೆ ಸಾಕೇ?

ಉತ್ತರ: ರೀಡಿಂಗ್‌ಗಳಿಲ್ಲದ, ಅನಿಶ್ಚಿತತೆ ನಮೂದಿಸದ, ಬಳಸಿದ ಮಾನಕದ ಹೆಸರೇ ಇಲ್ಲದ ಪ್ರಮಾಣಪತ್ರ ರದ್ದಿ ಕಾಗದ. ಅರ್ಧ ಗಂಟೆ ವಾರ್ಮ್‌ಅಪ್ ಕೇಳುವ ಉಪಕರಣವನ್ನು ಹತ್ತು ನಿಮಿಷದಲ್ಲಿ ಮುಗಿಸುವವರಿಂದ ಇನ್ನೇನು ಸಿಕ್ಕೀತು?

ಪ್ರಶ್ನೆ: ಹೊಸ 1.5 ವೋಲ್ಟ್ ಬ್ಯಾಟರಿಯನ್ನು ಮಾನಕವಾಗಿ ಬಳಸಬಹುದೇ?

ಉತ್ತರ: ಇಲ್ಲ. ಹೊಸ ಆಲ್ಕಲೈನ್ ಸೆಲ್ 1.6 ವೋಲ್ಟ್ ತೋರಿಸಿದರೂ ಅಚ್ಚರಿಯಿಲ್ಲ.

ಪ್ರಶ್ನೆ: 100 ಮೆಗಾಹರ್ಟ್ಸ್ ಆಸಿಲೋಸ್ಕೋಪಿನಲ್ಲಿ 100 ಮೆಗಾಹರ್ಟ್ಸ್ ಸೈನ್ ತರಂಗ ಕುಗ್ಗಿ ಕಾಣುತ್ತಿದೆ. ಕ್ಯಾಲಿಬ್ರೇಶನ್ ತಪ್ಪಿದೆಯೇ?

ಉತ್ತರ: ತಪ್ಪಿಲ್ಲ. ಎತ್ತರವು 3 ಡೆಸಿಬೆಲ್, ಅಂದರೆ ಸುಮಾರು 30%ರಷ್ಟು ಇಳಿಯುವ ಆವರ್ತನವನ್ನೇ ಬ್ಯಾಂಡ್‌ವಿಡ್ತ್ ಎಂದು ನಮೂದಿಸುತ್ತಾರೆ. ಅದಕ್ಕೂ ಮಿಗಿಲಾಗಿ ಕುಗ್ಗಿದ್ದರೆ ಪ್ರೋಬನ್ನು (ಸಂಕೇತವನ್ನು ಸ್ಕೋಪಿಗೆ ತರುವ ತಂತಿಯನ್ನು) 1 ಕಿಲೋಹರ್ಟ್ಸ್ ಚೌಕ ತರಂಗಕ್ಕೆ ಜೋಡಿಸಿ, ಅದರ ಮೂಲೆಗಳು ದುಂಡಾಗಿವೆಯೇ ಎಂದು ನೋಡಿ. ದುಂಡಾಗಿದ್ದರೆ ಪ್ರೋಬನ್ನು ಸ್ಕೋಪಿಗೆ ಹೊಂದಿಸುವ ಕಾಂಪೆನ್ಸೇಶನ್ ತಿರುಪನ್ನು ಧಾರಾಳವಾಗಿ ತಿರುಗಿಸಬಹುದು.